ಹೆಣ್ಣಿನ ಪಾಠ ಬಿಟ್ಟರೆ ಬಾಬಾಸಾಹೇಬರ ಅರ್ಧ ಪಾಠ ಬಿಟ್ಟ ಹಾಗೆ



ಈಚೆಗೆ ಕನಕಪುರದಲ್ಲಿ ನಮ್ಮದೊಂದು ಸಭೆ ನಡೀತು. ಭಾಷಣ ಮುಗಿದು, ಹಾಡು ಮುಗಿದು, ಜಮಖಾನೆ ಸುತ್ತುವ ಹೊತ್ತಿಗೆ ಡಿಗ್ರಿ ಮುಗಿಸಿದ ಒಬ್ಬ ಹುಡುಗಿ ನನ್ನ ಹತ್ತಿರ ಬಂದಳು. "ಅಕ್ಕಾ, ಎಂ.ಎ.ಗೆ ಸೇರ್ತಾ ಇದೀನಿ. ರಾಜ್ಯಶಾಸ್ತ್ರ. ಅದರಲ್ಲಿ ಸ್ತ್ರೀವಾದಿ ರಾಜಕೀಯ ಚಿಂತನೆ ಅಂತ ಒಂದು ಪೇಪರ್ ಐತೆ. ತಗೊಳ್ಳಲಾ, ಬ್ಯಾಡ್ವಾ?" ಅಂತ ಕೇಳಿದಳು. ನಾನು ಬಾಯಿ ತೆಗೆಯುವ ಮೊದಲೇ ಪಕ್ಕದಲ್ಲಿದ್ದ ಹಾಸ್ಟೆಲಿನ ಹುಡುಗ ನಕ್ಕುಬಿಟ್ಟ. "ಅದೆಲ್ಲ ಬೆಂಗಳೂರಿನ ಮೇಡಂಗಳ ಸಬ್ಜೆಕ್ಟು ಕಣಕ್ಕ. ಹೊಟ್ಟೆ ತುಂಬಿದೋರು ಓದೋದು. ನಮ್ಮೋರು ಜಾತಿ ವಿಷಯ ಓದ್ಲಿ. ಇಲ್ದಿದ್ರೆ ಕೆಲಸಕ್ಕೆ ಬರೋದು ಓದ್ಲಿ."

ಆ ಹುಡುಗ ಕೆಟ್ಟವನಲ್ಲ. ಅವತ್ತು ಬ್ಯಾನರ್ ಕಟ್ಟಿದವನು ಅವನೇ, ಕುರ್ಚಿ ಹೊತ್ತವನು ಅವನೇ. ಆದರೆ ಅವನ ಮಾತಿಗೆ ಸುತ್ತ ಇದ್ದ ಏಳೆಂಟು ಜನ ತಲೆದೂಗಿದರು. ಹುಡುಗಿ ತಲೆ ತಗ್ಗಿಸಿದಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಲ್ಲ ಕಡೆ ಹಾಸ್ಟೆಲುಗಳಲ್ಲಿ ಈ ಮಾತು ನಾನು ಕೇಳಿದ್ದೇನೆ. ಆದ್ದರಿಂದ ಅವನೊಬ್ಬನಿಗೆ ಅಲ್ಲ, ತಲೆದೂಗಿದ ಎಲ್ಲರಿಗೂ ಉತ್ತರ ಬರೆಯುತ್ತಿದ್ದೇನೆ.

ನಾನೂ ಆ ಪೇಪರ್ ಓದಿದವಳೇ. ಮೊದಲು ನನ್ನ ಕತೆ ಹೇಳಿಬಿಡುತ್ತೇನೆ. ನಮ್ಮದು ಮಾಗಡಿ ತಾಲ್ಲೂಕಿನ ಒಂದು ಕೇರಿ. ಮಳೆ ಕೈಕೊಟ್ಟ ವರ್ಷ ನಮ್ಮವ್ವ ರಾಮನಗರಕ್ಕೆ ಬಂದು ರೇಷ್ಮೆ ಬಿಚ್ಚಾಣಿಕೆ ಶೆಡ್ಡಿಗೆ ಸೇರಿಕೊಂಡಳು. ಕುದಿಯೋ ನೀರಲ್ಲಿ ಗೂಡು ಬೇಯುತ್ತಿರುತ್ತೆ. ಅದರೊಳಕ್ಕೆ ಬೆರಳು ಇಳಿಸಿ ಎಳೆಯ ತುದಿ ಹಿಡೀಬೇಕು. ಸಂಜೆ ಹೊತ್ತಿಗೆ ಬೆರಳ ತುದಿ ಬೆಂದು ಬಿಳುಚಿಕೊಂಡು, ಚರ್ಮ ಸುಲಿದು, ಅನ್ನ ಕಲೆಸೋಕೂ ಆಗುತ್ತಿರಲಿಲ್ಲ. ಆ ಶೆಡ್ಡಿನಲ್ಲಿ ನಮ್ಮವರೂ ಇದ್ದರು, ಮುಸಲ್ಮಾನರ ಅಕ್ಕಂದಿರೂ ಇದ್ದರು. ಎಲ್ಲರ ಬೆರಳೂ ಒಂದೇ ಥರ. ಅವ್ವನ ಮೈಯಿಂದ ಬರುತ್ತಿದ್ದ ಬೆಂದ ಹುಳುವಿನ ವಾಸನೆ ನನಗೆ ಈಗಲೂ ನೆನಪಿದೆ.

ಆ ಅವ್ವನ ಮಗಳು ನಾನು ಎಂ.ಎ. ಕ್ಲಾಸಿನಲ್ಲಿ ಕೂತೆ. ಪಾಠ ಶುರುವಾಯಿತು. 1792ರಲ್ಲಿ ಇಂಗ್ಲೆಂಡಿನ ಮೇರಿ ವುಲ್‌ಸ್ಟನ್‌ಕ್ರಾಫ್ಟ್. 1869ರಲ್ಲಿ ಜಾನ್ ಸ್ಟುವರ್ಟ್ ಮಿಲ್. 1949ರಲ್ಲಿ ಫ್ರಾನ್ಸಿನ ಸಿಮೋನ್ ದ ಬೋವಾ. ಆಮೇಲೆ ಇಂಡಿಯಾಕ್ಕೆ ಬಂದರೆ ರಾಜಾರಾಮ ಮೋಹನರಾಯರು, 1829ರ ಸತಿ ನಿಷೇಧ, 1856ರ ವಿಧವಾ ವಿವಾಹ ಕಾಯಿದೆ. ನಮ್ಮ ಮೈಸೂರು ಸಂಸ್ಥಾನದ್ದು ಎರಡು ಸಾಲು: 1894ರ ಬಾಲ್ಯವಿವಾಹ ತಡೆ ಕಾಯಿದೆ, 1933ರಲ್ಲಿ ಹಿಂದೂ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಕಾಯಿದೆ. ಅಲ್ಲಿಗೆ ಚರಿತ್ರೆ ಮುಗಿಯಿತು.

ನಾನು ಬೆಂಚಿನ ಮೇಲೆ ಕೂತು ಯೋಚನೆ ಮಾಡುತ್ತಿದ್ದೆ. ನಮ್ಮ ಕೇರಿಯಲ್ಲಿ ಗಂಡ ಸತ್ತವಳಿಗೆ ಕೂಡಾವಳಿ ಮಾಡುತ್ತಿದ್ದರು. ನಮ್ಮಜ್ಜಿಗೇ ಎರಡನೇ ಗಂಡ. ತಲೆ ಬೋಳಿಸುವುದು, ಕೆಂಪು ಸೀರೆ ಉಡಿಸಿ ಮೂಲೆಗೆ ಕೂರಿಸುವುದು ನಮಗೆ ಗೊತ್ತೇ ಇರಲಿಲ್ಲ. ಆಸ್ತಿಯಲ್ಲಿ ಪಾಲು ಕೊಡಿ ಅಂತ ಕೇಳೋಕೆ ನಮ್ಮವ್ವನಿಗೆ ಆಸ್ತಿ ಎಲ್ಲಿತ್ತು? ಹಾಗಾದರೆ ಈ ಪಾಠದಲ್ಲಿರೋ 'ಭಾರತೀಯ ಮಹಿಳೆ' ಯಾರು? ಕುದಿಯೋ ನೀರಲ್ಲಿ ಬೆರಳಿಟ್ಟವಳು ಮಹಿಳೆ ಹೌದೋ ಅಲ್ಲವೋ? ಈ ಪ್ರಶ್ನೆ ಕೇಳಿದಾಗ ಕ್ಲಾಸಿನಲ್ಲಿ, "ಅದು ಬೇರೆ ಪೇಪರಿನಲ್ಲಿ ಬರುತ್ತೆ, ಜಾತಿ ವ್ಯವಸ್ಥೆ ಅನ್ನೋ ಯೂನಿಟ್ಟಿನಲ್ಲಿ" ಅಂತ ಉತ್ತರ ಸಿಕ್ಕಿತು. ಆ ಯೂನಿಟ್ಟಿಗೆ ಹೋದೆ. ಅಲ್ಲಿ ದಲಿತರಿದ್ದರು. ಎಲ್ಲ ಗಂಡಸರೇ.

ಹಾಗಂತ ಆ ಹುಡುಗ ಹೇಳಿದ್ದು ಸರಿ, ಆ ಪೇಪರ್ ಬಿಟ್ಟುಬಿಡೋಣ ಅಂತ ನಾನು ಹೇಳುವುದಿಲ್ಲ. ಇಲ್ಲೇ ನಾವು ಎಡವುತ್ತಿರುವುದು. ವುಲ್‌ಸ್ಟನ್‌ಕ್ರಾಫ್ಟ್ ಯಾರೋ ಬಿಳಿ ಹೆಂಗಸು, ನಮಗೇನು ಅನ್ನಬೇಡಿ. ಅವಳು ಬರೆದದ್ದು ರೂಸೋನಂಥ ದೊಡ್ಡ ಮನುಷ್ಯನ ವಿರುದ್ಧ. ಗಂಡಸಿಗೆ ಹಿತವಾಗಿರುವ ಹಾಗೆ ಹೆಣ್ಣಿಗೆ ವಿದ್ಯೆ ಕಲಿಸಬೇಕು ಅಂದವನು ಅವನು. ಹೆಣ್ಣಿಗೆ ಬುದ್ಧಿ ಕಡಿಮೆ ಅಂತ ಕಂಡರೆ ಅದು ಹುಟ್ಟಿನಿಂದ ಬಂದದ್ದಲ್ಲ, ಓದು ಕೊಡದೆ ಮಾಡಿದ್ದು ಅಂತ ಅವಳು ವಾದ ಹೂಡಿದಳು. ಈ ವಾದ ಎಲ್ಲಾದರೂ ಕೇಳಿದ ಹಾಗಿಲ್ಲವೇ? ನಮ್ಮನ್ನೂ ಹುಟ್ಟಾ ದಡ್ಡರು ಅಂತಲೇ ಅಲ್ಲವೇ ಅಂದದ್ದು? ಅವಳ ಆಯುಧ ನಮ್ಮ ಕೈಗೂ ಹೊಂದುತ್ತದೆ. ಆದರೆ ಅದರಿಂದ ಅರ್ಧ ದೂರ ಹೋಗಬಹುದು ಅಷ್ಟೆ. ಉಳಿದರ್ಧಕ್ಕೆ ಬೇಕಾದವರು ನಮ್ಮ ಮನೆಯಲ್ಲೇ ಇದ್ದಾರೆ. ಫೋಟೋ ಹಾಕಿ ಹಾರ ಹಾಕಿದ್ದೇವೆ. ಓದಿಲ್ಲ.

1916ರ ಮೇ 9. ಅಮೆರಿಕಾದ ಕೊಲಂಬಿಯಾ ವಿಶ್ವವಿದ್ಯಾಲಯ. ಇಪ್ಪತ್ತೈದು ವರ್ಷದ ಒಬ್ಬ ವಿದ್ಯಾರ್ಥಿ ಒಂದು ಪ್ರಬಂಧ ಓದುತ್ತಾನೆ. ಹೆಸರು ಭೀಮರಾವ್ ಅಂಬೇಡ್ಕರ್. ವಿಷಯ: ಇಂಡಿಯಾದಲ್ಲಿ ಜಾತಿಗಳು, ಅವು ಹುಟ್ಟಿದ್ದು ಹೇಗೆ, ನಡೆಯುವುದು ಹೇಗೆ, ಬೆಳೆದದ್ದು ಹೇಗೆ. ಹೆಸರು ನೋಡಿದರೆ ಜಾತಿಯ ಮೇಲಿನ ಪ್ರಬಂಧ. ಒಳಗೆ ತೆಗೆದು ಓದಿ. ಪುಟ ಪುಟಕ್ಕೂ ಹೆಣ್ಣಿದ್ದಾಳೆ.

ಅವರ ವಾದ ಇಷ್ಟು. ಜಾತಿ ಅಂದರೆ ತನ್ನೊಳಗೇ ಮದುವೆ ಮಾಡಿಕೊಳ್ಳುವ, ಬಾಗಿಲು ಹಾಕಿಕೊಂಡ ಗುಂಪು. ಬಾಗಿಲು ಹಾಕಿಕೊಂಡ ಮೇಲೆ ಒಳಗಡೆ ಮದುವೆಗೆ ಬಂದ ಗಂಡಿನ ಲೆಕ್ಕ, ಹೆಣ್ಣಿನ ಲೆಕ್ಕ ಸರಿಯಾಗಿರಬೇಕು. ಗಂಡ ಸತ್ತರೆ ಒಬ್ಬಳು ಹೆಣ್ಣು ಲೆಕ್ಕಕ್ಕಿಂತ ಹೆಚ್ಚಾದಳು. ಅವಳು ಹೊರಗಿನವನನ್ನು ಮದುವೆಯಾದರೆ ಬಾಗಿಲು ಮುರಿಯಿತು. ಒಳಗಿನವನನ್ನೇ ಮದುವೆಯಾದರೆ ಮದುವೆಗಿರುವ ಕನ್ಯೆಯೊಬ್ಬಳಿಗೆ ಗಂಡು ಕಡಿಮೆ ಬಿತ್ತು. ಆದ್ದರಿಂದ ಅವಳನ್ನು ಗಂಡನ ಚಿತೆಯಲ್ಲೇ ಸುಡು. ಅದು ಎಲ್ಲ ಕಡೆ ಆಗುವ ಮಾತಲ್ಲ ಅಂದರೆ ವಿಧವೆ ಮಾಡಿ ಮೂಲೆಗೆ ಕೂರಿಸು. ಇನ್ನು ಹೆಂಡತಿ ಸತ್ತ ಗಂಡಸು? ಅವನನ್ನು ಸುಡೋಕಾಗಲ್ಲ, ಅವನು ಗಂಡಸು. ಸನ್ಯಾಸಿ ಮಾಡಿದರೆ ಗುಂಪು ಬೆಳೆಯಲ್ಲ. ಆದ್ದರಿಂದ ಇನ್ನೂ ಮದುವೆ ವಯಸ್ಸಿಗೆ ಬಾರದ ಮಗುವನ್ನು ತಂದು ಅವನಿಗೆ ಕಟ್ಟು. ಸತಿ, ವೈಧವ್ಯ, ಬಾಲ್ಯವಿವಾಹ. ಮೂರೂ ಜಾತಿಯ ಬಾಗಿಲಿಗೆ ಹಾಕಿದ ಚಿಲಕ. ಇವುಗಳನ್ನು ಹೊಗಳಿ ಬರೆದ ಶಾಸ್ತ್ರವೆಲ್ಲ ಆಮೇಲೆ ಬಂದದ್ದು.

ಗೆಳೆಯರೇ, ಇದು ಸ್ತ್ರೀವಾದವೋ ಜಾತಿವಿನಾಶವೋ? ಬಿಡಿಸಿ ಹೇಳಿ ನೋಡೋಣ. ಆಗಲ್ಲ. 1993ರಲ್ಲಿ ಉಮಾ ಚಕ್ರವರ್ತಿ ಅನ್ನುವ ಚರಿತ್ರೆಕಾರ್ತಿ 'ಬ್ರಾಹ್ಮಣಶಾಹಿ ಪುರುಷಾಧಿಪತ್ಯ' ಅಂತ ಹೆಸರಿಟ್ಟು ದೊಡ್ಡ ಲೇಖನ ಬರೆದರು. ಅದು ಇವತ್ತು ವಿಶ್ವವಿದ್ಯಾಲಯಗಳಲ್ಲಿ ಪಾಠ. ಜಾತಿ ಉಳಿಯುವುದು ಹೆಣ್ಣಿನ ಮೇಲಿನ ಕಾವಲಿನಿಂದ ಅನ್ನುವ ಮಾತನ್ನು ಅದಕ್ಕೂ ಎಪ್ಪತ್ತೇಳು ವರ್ಷ ಮೊದಲು ನಮ್ಮವರು ಹೇಳಿದ್ದರು. ನಮ್ಮ ಮನೆಯ ಪಾಠ ಬೇರೆಯವರ ಮನೆಯಲ್ಲಿ ಓದುತ್ತಿದ್ದಾರೆ. ನಾವು ಅದು ಮೇಡಂಗಳ ಸಬ್ಜೆಕ್ಟು ಅಂತ ನಗುತ್ತಾ ಇದ್ದೇವೆ!

ಕೊಲಂಬಿಯಾ ದೂರ ಆಯಿತು ಅಂದರೆ ನಮ್ಮ ಮಾರಿಹಬ್ಬಕ್ಕೆ ಬನ್ನಿ. ಈ ಸೀಮೆಯಲ್ಲಿ ಅಜ್ಜಿಯರು ಹೇಳುವ ಕತೆ ನೀವೂ ಕೇಳಿರುತ್ತೀರಿ. ಮಾರಿ ಹಿಂದೆ ಬ್ರಾಹ್ಮಣರ ಮಗಳಂತೆ. ನಮ್ಮ ಕೇರಿಯ ಹುಡುಗನೊಬ್ಬ ಜಾತಿ ಮುಚ್ಚಿಟ್ಟು ಅವಳನ್ನು ಮದುವೆಯಾದನಂತೆ. ಮಕ್ಕಳೂ ಆದವಂತೆ. ಒಂದು ದಿನ ಗುಟ್ಟು ರಟ್ಟಾಯಿತಂತೆ. ಅವಳು ಉರಿದು ಮಾರಿಯಾದಳಂತೆ. ಗಂಡ ಕೋಣನಾದನಂತೆ. ಅದಕ್ಕೇ ಹಬ್ಬದ ದಿನ ಕೋಣ ಕಡೀಬೇಕಂತೆ. ಊರಿಂದೂರಿಗೆ ಕತೆ ಸ್ವಲ್ಪ ಬದಲಾಗುತ್ತದೆ, ಕೋಣ ಮಾತ್ರ ಬದಲಾಗುವುದಿಲ್ಲ. ಆ ಕೋಣ ನಾವು. ನಮ್ಮನ್ನು ಕಡಿಯುವ ಕತೆಗೆ ತಮಟೆ ಬಡಿದವರೂ ನಾವೇ.

ಬಾಬಾಸಾಹೇಬರ ಆ ಪ್ರಬಂಧ ಕೈಯಲ್ಲಿಟ್ಟುಕೊಂಡು ಈ ಕತೆ ಮತ್ತೆ ಓದಿ. ಬಾಗಿಲು ದಾಟಿದ ಮದುವೆ. ದಾಟಿದ ಗಂಡಿಗೆ ಸಾವು. ದಾಟಿದ ಹೆಣ್ಣಿಗೆ ಏನು? ಅವಳನ್ನು ದೇವರು ಮಾಡಿ, ಅವಳ ಕೈಯಿಂದಲೇ ಅವಳ ಸಂಸಾರ ಮುರಿಸಿದರು. ಅವಳಿಗೆ ಆ ಗಂಡನ ಜೊತೆ ಬಾಳುವ ಮನಸ್ಸಿತ್ತೋ ಇಲ್ಲವೋ, ಕೇಳಿದವರುಂಟೆ? ಅವನು ಸುಳ್ಳು ಹೇಳಿ ಮದುವೆಯಾದದ್ದು ತಪ್ಪು ಅಂತ ಅವಳಿಗೆ ಅನ್ನಿಸಿತೋ, ಅಥವಾ ಅವನ ಜಾತಿಯೇ ತಪ್ಪು ಅಂತ ಅವಳ ಬಾಯಲ್ಲಿ ಬೇರೆಯವರು ಹೇಳಿಸಿದರೋ? ಕೆರೆಗೆ ಹಾರವಾದ ಭಾಗೀರಥಿಯ ಕತೆ ಶಾಲೆಯಲ್ಲಿ ತ್ಯಾಗ ಅಂತ ಓದಿದೆವು. ಊರ ಗೌಡನ ಮನೆಯಲ್ಲಿ ಅಷ್ಟು ಜನ ಇದ್ದು ಕಿರೀಸೊಸೆಯೇ ಯಾಕೆ ಕೆರೆಗೆ ಹೋಗಬೇಕಾಯಿತು ಅಂತ ಪರೀಕ್ಷೆಯಲ್ಲಿ ಯಾರೂ ಪ್ರಶ್ನೆ ಹಾಕಲಿಲ್ಲ. ಇಂಥ ಪ್ರಶ್ನೆ ಹಾಕುವುದನ್ನು ಕಲಿಸುವ ಪಾಠಕ್ಕೇ ಸ್ತ್ರೀವಾದಿ ಚರಿತ್ರೆ ಅಂತ ಹೆಸರು. ಮರ್ಯಾದೆ ಹೆಸರಿನಲ್ಲಿ ಮಗಳನ್ನು ಕೊಂದ ಸುದ್ದಿ, ನಮ್ಮ ಹುಡುಗನನ್ನು ಕೊಂದ ಸುದ್ದಿ ಇವತ್ತಿಗೂ ಪೇಪರಿನಲ್ಲಿ ಬರುತ್ತವೆ. ಅದು ಮಾರಿಹಬ್ಬದ ಕತೆಯೇ. ಕೋಣ ಬೇರೆ.

ಇನ್ನು ಬಿಟ್ಟುಹೋದ ಚರಿತ್ರೆ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ, ಜೋತಿರಾವ್ ಫುಲೆ ಹೆಣ್ಣುಮಕ್ಕಳ ಶಾಲೆ ತೆಗೆದರು. ಸಾವಿತ್ರಿಬಾಯಿ ಬರೆದ ಕಾಗದದಲ್ಲಿ ನೆನೆಯುವ ಫಾತಿಮಾ ಅವರ ಜೊತೆ ನಿಂತವಳು. ಫುಲೆ ದಂಪತಿಗಳ ಶಾಲೆಯಲ್ಲಿ ಓದಿದ ಮಾಂಗ್ ಜಾತಿಯ ಹುಡುಗಿ ಮುಕ್ತಾ ಸಾಳ್ವೆ. ವಯಸ್ಸು ಹದಿನಾಲ್ಕರ ಆಸುಪಾಸು. 1855ರಲ್ಲಿ ಆ ಹುಡುಗಿ ಮಾಂಗ್ ಮತ್ತು ಮಹಾರರ ದುಃಖದ ಮೇಲೆ ಒಂದು ಪ್ರಬಂಧ ಬರೆದಳು, 'ಜ್ಞಾನೋದಯ' ಪತ್ರಿಕೆ ಅಚ್ಚು ಮಾಡಿತು. ನಮ್ಮ ಹೆಂಗಸರು ತಲೆ ಮೇಲೆ ಸೂರಿಲ್ಲದೆ ಮಳೆ ಚಳಿಯಲ್ಲಿ ಹೆರುವ ಸಂಕಟವನ್ನು ಅವಳು ಅದರಲ್ಲಿ ಬರೆದಿದ್ದಾಳೆ. ಹದಿನಾಲ್ಕು ವರ್ಷದ ಹುಡುಗಿ ಜಾತಿಯನ್ನೂ ಹೆಣ್ಣಿನ ಮೈಯನ್ನೂ ಒಟ್ಟಿಗೆ ಇಟ್ಟು ನೋಡಿದಳು. ಮಿಲ್ ಸಾಹೇಬರ ಪುಸ್ತಕ ಬರೋಕೆ ಇನ್ನೂ ಹದಿನಾಲ್ಕು ವರ್ಷ ಇತ್ತು. 1882ರಲ್ಲಿ ಸತ್ಯಶೋಧಕ ಮನೆತನದ ತಾರಾಬಾಯಿ ಶಿಂದೆ ಹೆಣ್ಣು ಗಂಡಿನ ಹೋಲಿಕೆಯ ಪುಸ್ತಕ ಬರೆದು, ಹೆಣ್ಣಿನ ಮೇಲೆ ಹೊರಿಸುವ ಎಲ್ಲ ಕಳಂಕವನ್ನೂ ಗಂಡಸಿನ ಮುಂದೆ ಇಟ್ಟು ಲೆಕ್ಕ ಕೇಳಿದಳು.

ನಮ್ಮ ಕನ್ನಡದಲ್ಲೇ ಹುಡುಕಿದರೆ ಹನ್ನೆರಡನೇ ಶತಮಾನದಲ್ಲಿ ಉರಿಲಿಂಗಪೆದ್ದಿಯ ಹೆಂಡತಿ ಕಾಳವ್ವೆ ಇದ್ದಾಳೆ. ಕೆಳಗಿನ ಕೇರಿಯ ವಚನಕಾರ್ತಿ. ಅಕ್ಕಮಹಾದೇವಿ ಎಲ್ಲರಿಗೂ ಗೊತ್ತು. 2003ರಲ್ಲಿ ವಿಜಯಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಬಂತು, ಅದಕ್ಕೆ ಅಕ್ಕನ ಹೆಸರೇ ಇಟ್ಟಿದ್ದಾರೆ, ಸಂತೋಷ. ಕಾಳವ್ವೆಯ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕೈ ಎತ್ತಿ ಅಂದರೆ ಎಷ್ಟು ಕೈ ಏಳುತ್ತವೆ?

ಮತ್ತೆ ಬಾಬಾಸಾಹೇಬರ ಚಳವಳಿಗೆ ಬರೋಣ. 1927ರಲ್ಲಿ ಮಹಾಡದಲ್ಲಿ ಹೆಂಗಸರೂ ಬಂದಿದ್ದರು. ಡಿಸೆಂಬರ್ 25ರಂದು ಮನುಸ್ಮೃತಿ ಸುಟ್ಟಾಗ ಅದು ಶೂದ್ರ ಅತಿಶೂದ್ರರ ಬೇಡಿ ಮಾತ್ರ ಅಲ್ಲ, ಎಲ್ಲ ಜಾತಿ ಹೆಣ್ಣಿನ ಬೇಡಿ ಅಂತ ಗೊತ್ತಿದ್ದೇ ಸುಟ್ಟದ್ದು. 1928ರಲ್ಲಿ ಬೊಂಬಾಯಿ ಶಾಸನಸಭೆಯಲ್ಲಿ ಹೆಣ್ಣಾಳುಗಳ ಹೆರಿಗೆ ಭತ್ಯದ ಪರವಾಗಿ ಬಾಬಾಸಾಹೇಬರು ಮಾತನಾಡಿದರು. 1942ರ ಜುಲೈನಲ್ಲಿ ನಾಗಪುರದಲ್ಲಿ ದಲಿತ ಮಹಿಳೆಯರ ಅಖಿಲ ಭಾರತ ಸಮ್ಮೇಳನ ಸೇರಿತು. ಸಾವಿರಾರು ಹೆಂಗಸರು. ಅಧ್ಯಕ್ಷೆ ಸುಲೋಚನಾಬಾಯಿ ಡೋಂಗ್ರೆ. ಹೆಂಡತಿಗೆ ವಿಚ್ಛೇದನದ ಹಕ್ಕು ಬೇಕು, ಬಹುಪತ್ನಿತ್ವ ನಿಲ್ಲಬೇಕು, ಗಿರಣಿ ಬೀಡಿ ಕಾರ್ಖಾನೆಗಳ ಹೆಣ್ಣಾಳುಗಳಿಗೆ ರಜೆ ಬೇಕು ಅಂತ ನಿರ್ಣಯ ಮಾಡಿದರು. ಅದೇ ಹೆಣ್ಣಿನ ಹಕ್ಕಿನ ಹಿಂದೂ ಕೋಡ್ ಬಿಲ್ಲು ಪಾರ್ಲಿಮೆಂಟಿನಲ್ಲಿ ನಿಂತುಹೋದಾಗ, 1951ರಲ್ಲಿ ಬಾಬಾಸಾಹೇಬರು ಮಂತ್ರಿ ಪದವಿಗೆ ರಾಜೀನಾಮೆ ಕೊಟ್ಟು ಎದ್ದುಬಂದರು. ಕೊಟ್ಟ ಕಾರಣಗಳಲ್ಲಿ ಇದು ದೊಡ್ಡದು. ಹೆಣ್ಣಿನ ವಿಷಯ ನಮ್ಮ ವಿಷಯವಲ್ಲ ಅನ್ನುವವರು ಆ ರಾಜೀನಾಮೆಯನ್ನು ಒಂದು ಸಲ ನೆನೆಸಿಕೊಳ್ಳಲಿ.

ಸ್ವಾತಂತ್ರ್ಯ ಬಂದ ಮೇಲಿನ ಚರಿತ್ರೆಯಾದರೂ ಏನು? 1972ರಲ್ಲಿ ಮಹಾರಾಷ್ಟ್ರದ ಪೊಲೀಸ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು ಅನ್ನುವ ಮೊಕದ್ದಮೆ. ಸುಪ್ರೀಂ ಕೋರ್ಟು ಪೊಲೀಸರನ್ನು ಬಿಟ್ಟಿತು. 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಕೋರ್ಟಿಗೆ ಬಹಿರಂಗ ಪತ್ರ ಬರೆದರು, ದೇಶದ ಉದ್ದಕ್ಕೂ ಹೆಂಗಸರು ಬೀದಿಗೆ ಬಂದರು, 1983ರಲ್ಲಿ ಕಾನೂನು ತಿದ್ದಿದರು. 1992ರಲ್ಲಿ ರಾಜಸ್ಥಾನದ ಕುಂಬಾರ ಜಾತಿಯ ಭಂವರಿ ದೇವಿ ಬಾಲ್ಯವಿವಾಹ ತಡೆದದ್ದಕ್ಕೆ ಸೇಡು ತೀರಿಸಿಕೊಂಡರು. ಆ ಹೋರಾಟದಿಂದ 1997ರಲ್ಲಿ ಸುಪ್ರೀಂ ಕೋರ್ಟಿನ ವಿಶಾಖಾ ತೀರ್ಪು, 2013ರಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ವಿರುದ್ಧ ಕಾಯಿದೆ ಬಂದವು. ಇವತ್ತು ನಿಮ್ಮ ಕಾಲೇಜಿನ ಗೋಡೆ ಮೇಲೆ ದೂರು ಸಮಿತಿಯ ಹೆಸರುಪಟ್ಟಿ ಇದ್ದರೆ ಅದು ಆ ಹೆಂಗಸಿನ ಋಣ. ಆದರೆ 1995ರಲ್ಲಿ ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತ್ತು. ಮೇಲುಜಾತಿಯವರು ಕೆಳಜಾತಿಯವಳನ್ನು ಮುಟ್ಟುತ್ತಾರೆಯೇ ಅನ್ನುವ ವಾದಕ್ಕೆ ಅಲ್ಲಿ ಬೆಲೆ ಬಂತು. ಕಾನೂನು ಎಲ್ಲ ಹೆಂಗಸರಿಗೂ ಸಿಕ್ಕಿತು, ನ್ಯಾಯ ಅವಳಿಗೆ ಸಿಗಲಿಲ್ಲ. ಪಠ್ಯದಲ್ಲಿ ತೀರ್ಪಿನ ಹೆಸರು ಓದುತ್ತೇವೆ, ಅವಳ ಜಾತಿ ಓದುವುದಿಲ್ಲ. ಜಾತಿ ಬಿಟ್ಟು ಓದಿದರೆ ಆ ಮೊಕದ್ದಮೆ ಅರ್ಥವೇ ಆಗುವುದಿಲ್ಲ.

ಅಮೆರಿಕಾದ ಕರಿಯ ಹೆಂಗಸರಿಗೂ ಇದೇ ಗತಿಯಾಗಿತ್ತು. ಜನರಲ್ ಮೋಟಾರ್ಸ್ ಕಂಪನಿಯ ಮೇಲೆ ಐದು ಜನ ಕರಿಯ ಹೆಂಗಸರು ಮೊಕದ್ದಮೆ ಹೂಡಿದರು. ಕಂಪನಿ ಹೆಂಗಸರನ್ನು ಕೆಲಸಕ್ಕೆ ತಗೊಂಡಿತ್ತು, ಅವರು ಬಿಳಿಯರು, ಆಫೀಸಿನಲ್ಲಿ. ಕರಿಯರನ್ನೂ ತಗೊಂಡಿತ್ತು, ಅವರು ಗಂಡಸರು, ಕಾರ್ಖಾನೆಯಲ್ಲಿ. ಕರಿಯ ಹೆಂಗಸರಿಗೆ ಬಾಗಿಲು ತೆರೆದದ್ದು ಬಹಳ ತಡವಾಗಿ. ತೆಗೆದುಹಾಕುವ ಕಾಲ ಬಂದಾಗ ಕೊನೆಗೆ ಬಂದವರೇ ಮೊದಲು ಹೊರಗೆ. 1976ರಲ್ಲಿ ಕೋರ್ಟು, ಹೆಂಗಸರಿಗೂ ಕೆಲಸ ಇದೆ, ಕರಿಯರಿಗೂ ಇದೆ, ಎರಡೂ ಸೇರಿಸಿ ಕೇಳುವಂತಿಲ್ಲ ಅಂದಿತು. ಇದನ್ನು ಇಟ್ಟುಕೊಂಡೇ ಕಿಂಬರ್ಲಿ ಕ್ರೆನ್‌ಶಾ 1989ರಲ್ಲಿ ಒಂದು ಸಿದ್ಧಾಂತ ಕಟ್ಟಿದರು: ಎರಡು ದಾರಿ ಕೂಡುವ ಜಾಗದಲ್ಲಿ ನಿಂತವಳಿಗೆ ಎರಡೂ ಕಡೆಯ ಗಾಡಿ ಬಡಿಯುತ್ತದೆ. ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ, ಮಹಿಳಾ ಕೋಟಾದಲ್ಲಿ ಗೌಡರ ಮಗಳು ಸಿಕ್ಕಳು, ದಲಿತ ಕೋಟಾದಲ್ಲಿ ನಮ್ಮ ಹುಡುಗ ಸಿಕ್ಕ, ಎರಡೂ ಲೆಕ್ಕ ಸರಿಹೋಯಿತು, ನಮ್ಮ ಹುಡುಗಿ ಮಾತ್ರ ಬಿಚ್ಚಾಣಿಕೆ ಶೆಡ್ಡಿನಲ್ಲೇ ಉಳಿದಳು. ಈ ಮಾತನ್ನೇ ಹೇಳುತ್ತಾ ಬೆಂಗಳೂರಿನಲ್ಲಿ ಕೊಳೆಗೇರಿ ಹೆಂಗಸರ ಜೊತೆ ದುಡಿದ ರೂತ್ ಮನೋರಮಾ ಮತ್ತು ಸಂಗಾತಿಯರು 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಅದೇ ವರ್ಷ ಗೋಪಾಲ್ ಗುರು ದಲಿತ ಹೆಂಗಸರ ಮಾತೇ ಬೇರೆ ಯಾಕೆ ಅಂತ ಬರೆದರು. ಪುಣೆಯ ಶರ್ಮಿಳಾ ರೇಗೆ 1998ರಲ್ಲಿ ಅದಕ್ಕೆ ಪ್ರತಿಮಾತು ಸೇರಿಸಿದರು: ಮಾತು ಬೇರೆ ಅಂತ ಒಪ್ಪಿ ಸುಮ್ಮನಾದರೆ ಸಾಲದು, ದಲಿತ ಹೆಣ್ಣು ನಿಂತ ಜಾಗದಿಂದ ಎಲ್ಲರೂ ನೋಡುವುದನ್ನು ಕಲೀಬೇಕು. ಈ ವಾದ ಪ್ರತಿವಾದವೆಲ್ಲ ಆ ಪೇಪರಿನ ಒಳಗೇ ಇದೆ. ಓದಿದವರಿಗೆ ಸಿಗುತ್ತದೆ.

ಇನ್ನು ಕಹಿಯಾದ ಮಾತು. ನಮ್ಮ ಗಂಡುಹುಡುಗರೇ, ಸಿಟ್ಟಾಗಬೇಡಿ.

ಜಾತಿ ಮೇಲಿಂದ ಕೆಳಕ್ಕೆ ಹರಡಿದ್ದು ಅನುಕರಣೆಯಿಂದ ಅಂತ ಅದೇ 1916ರ ಪ್ರಬಂಧದಲ್ಲಿ ಬಾಬಾಸಾಹೇಬರು ಹೇಳುತ್ತಾರೆ. ಮೇಲಿನವರು ಬಾಗಿಲು ಹಾಕಿಕೊಂಡರು, ಅವರನ್ನು ನೋಡಿ ಕೆಳಗಿನವರೂ ಹಾಕಿಕೊಂಡರು. ಈಗ ನಮ್ಮ ಕೇರಿ ನೋಡಿ. ನಮ್ಮ ತಾ‌ತಂದಿರು ಹೆಣ್ಣಿನ ಮನೆಗೆ ತೆರ ಕೊಟ್ಟು ಮದುವೆಯಾದರು. ಅದೂ ಹೆಣ್ಣಿಗೆ ಕಟ್ಟಿದ ಬೆಲೆಯೇ, ನಾನು ಹೊಗಳುವುದಿಲ್ಲ. ಆದರೆ ಇವತ್ತು ನೌಕರಿ ಸಿಕ್ಕ ನಮ್ಮ ಹುಡುಗ ಏನು ಮಾಡುತ್ತಿದ್ದಾನೆ? ವರದಕ್ಷಿಣೆ ಕೇಳುತ್ತಾನೆ. ಓದಿದವರ ಮನೆಯಲ್ಲಿ ಕೂಡಾವಳಿ ಅಂದರೆ ನಾಚಿಕೆ. ಅಜ್ಜಿಗೆ ಎರಡನೇ ಗಂಡ ಇದ್ದ ಅಂತ ಹೇಳಿಕೊಳ್ಳೋಕೆ ಮುಜುಗರ. ಹೆಂಡತಿ ಹೊರಗೆ ಕೆಲಸಕ್ಕೆ ಹೋಗದಿರುವುದೇ ಗೌರವ. ಹಾಸ್ಟೆಲ್ ಗೋಡೆಯ ಮೇಲೆ ಬಾಬಾಸಾಹೇಬರು, ಮನೆಯೊಳಗೆ ಮನು. ಇದು ಅನುಕರಣೆ ಅಲ್ಲದೆ ಮತ್ತೇನು?

ನಮ್ಮ ಚಳವಳಿಯೂ ಇದಕ್ಕೆ ಹೊರತಲ್ಲ. 1986ರಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸೋಕೆ ಹೋದ ದಲಿತ ಸಂಘರ್ಷ ಸಮಿತಿಯವರ ಮೇಲೆ ಹಲ್ಲೆ ಆಯಿತು. ತಡೆಯೋಕೆ ಹೋದವರನ್ನೇ, ಪೊಲೀಸರನ್ನೂ ಸೇರಿಸಿ, ಬೆತ್ತಲೆ ಮಾಡಿ ಮೆರೆಸಿದರು. ಆಮೇಲೆ ಸರ್ಕಾರ ಆ ಸೇವೆ ನಿಷೇಧಿಸಿತು. ಅದು ನಮ್ಮ ಚಳವಳಿಯ ಹೆಮ್ಮೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ಹರಕೆ ಹೊತ್ತು ಬಂದ ಬಡ ಹೆಂಗಸರು ಏನು ಹೇಳಿದರು? ಯಾವ ಕಷ್ಟ ಅವರನ್ನು ಆ ಹೊಳೆಯ ದಡಕ್ಕೆ ತಂದು ನಿಲ್ಲಿಸಿತ್ತು? ಅವರ ಬಾಯಿಂದ ಬಂದ ಮಾತು ನಮ್ಮ ಪತ್ರಿಕೆಗಳಲ್ಲಿ ಎಷ್ಟು ಪುಟ ಇದೆ? ಅವರ ಪರವಾಗಿ ನಾವು ಮಾತಾಡಿದೆವು. ಅವರ ಮಾತು ಬರೆದುಕೊಳ್ಳಲಿಲ್ಲ. ಇವತ್ತಿಗೂ ನಮ್ಮ ಸಭೆಗಳಲ್ಲಿ ಹಾಡು ಹೇಳೋಕೆ ಹೆಣ್ಣುಮಕ್ಕಳು ಬೇಕು, ಅಡುಗೆಗೆ ಬೇಕು, ಫೋಟೋಕ್ಕೆ ಬೇಕು. ನಿರ್ಣಯ ಬರೆಯುವ ಹೊತ್ತಿಗೆ ಅವರು ಬಸ್ಸಿಗೆ ಹೊತ್ತಾಯಿತು ಅಂತ ಎದ್ದು ಹೋಗಿರುತ್ತಾರೆ. ಕನಕಪುರದ ಸಭೆಯಲ್ಲೂ ಹಾಗೇ ಆಯಿತು. ಇದನ್ನು ಹೇಳಿದರೆ ಚಳವಳಿ ಒಡೀತೀಯ ಅಂತಾರೆ. ಒಡೆದಿರುವುದನ್ನು ತೋರಿಸುವುದು ಒಡೆಯುವುದಲ್ಲ.

ಆದ್ದರಿಂದ ಈ ಪಾಠ ಹುಡುಗಿಯರಿಗಷ್ಟೇ ಅಲ್ಲ. ಹುಡುಗರು ಮೊದಲು ಓದಬೇಕು.

ಹೊಟ್ಟೆಪಾಡಿನ ಪ್ರಶ್ನೆಗೂ ಉತ್ತರ ಇದೆ. ಅಧ್ಯಾಪಕರಾಗೋಕೆ ಬರೆಯುವ ನೆಟ್ ಪರೀಕ್ಷೆಯಲ್ಲಿ ಮಹಿಳಾ ಅಧ್ಯಯನ ಒಂದು ಸ್ವತಂತ್ರ ವಿಷಯ. ರಾಜ್ಯಶಾಸ್ತ್ರದಲ್ಲೂ ಸ್ತ್ರೀವಾದ ಓದಲೇಬೇಕು. ಹೋಗಿಬರುವ ಖರ್ಚಿನ ಮಾತಾದರೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ರಾಮನಗರ ಚನ್ನಪಟ್ಟಣಕ್ಕೆ ರೈಲಿದೆ, ಮಾಗಡಿಗೂ ಕನಕಪುರಕ್ಕೂ ರೈಲಿಲ್ಲ. ಬಸ್ಸೇ ಗತಿಯಾದ ಹುಡುಗಿಗೆ ಇದು ಸಣ್ಣ ವಿಷಯವಲ್ಲ. ಮೈಸೂರು ರಸ್ತೆಯ ಜ್ಞಾನಭಾರತಿ ನಮ್ಮ ಕಣ್ಣೆದುರಿಗೇ ಇದೆ. ಬಸ್ಸು ಸಿಕ್ಕಿದೆ, ಹಾಸ್ಟೆಲು ಇದೆ. ಮನೆಯವರ ಮನಸ್ಸು ಮತ್ತು ನಮ್ಮ ಹುಡುಗರ ನಗು, ಇವೆರಡೇ ಈಗ ಅಡ್ಡ.

ಇಂಗ್ಲಿಷಿನ ಕಷ್ಟ ನನಗೆ ಗೊತ್ತು. ಕನ್ನಡ ಮೀಡಿಯಂನಿಂದ ಹೋದ ನಾನು ಮೊದಲ ಆರು ತಿಂಗಳು ಅತ್ತಿದ್ದೇನೆ. ಒಂದು ಉಪಾಯ ಹೇಳುತ್ತೇನೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಒಂದು ಕಡೆ ಪುಸ್ತಕದ ಶಬ್ದ, ಇನ್ನೊಂದು ಕಡೆ ಅದಕ್ಕೆ ನಮ್ಮ ಕೇರಿಯ ಉದಾಹರಣೆ. 'ಪೇಟ್ರಿಯಾರ್ಕಿ' ಅಂತ ಬಂದರೆ ಎದುರಿಗೆ, "ಅಪ್ಪ ಉಂಡಮೇಲೆ ಅವ್ವ ಉಣ್ಣೋದು, ಉಳಿದರೆ" ಅಂತ ಬರೆಯಿರಿ. 'ಕೂಲಿ ಇಲ್ಲದ ದುಡಿಮೆ' ಅಂತ ಬಂದರೆ, ಅವ್ವ ಕೋಳಿ ಕೂಗೋ ಹೊತ್ತಿನಿಂದ ಶೆಡ್ಡಿಗೆ ಹೋಗೋ ತನಕ ಮಾಡಿದ ಕೆಲಸದ ಪಟ್ಟಿ ಬರೆಯಿರಿ. ಎಡಗಡೆ ಮರೆತರೂ ಬಲಗಡೆ ಮರೆಯಲ್ಲ.

ಕೊನೆಗೆ ಒಂದು ಕೆಲಸ. 1989ರಲ್ಲಿ ಮಹಾರಾಷ್ಟ್ರದಲ್ಲಿ ಊರ್ಮಿಳಾ ಪವಾರ್ ಮತ್ತು ಮೀನಾಕ್ಷಿ ಮೂನ್ ಒಂದು ಪುಸ್ತಕ ತಂದರು. ಅಂಬೇಡ್ಕರ್ ಚಳವಳಿಯಲ್ಲಿ ದುಡಿದ ಮುದುಕಿಯರನ್ನು ಹುಡುಕಿಕೊಂಡು ಹೋಗಿ, ಕೂತು, ಕೇಳಿ, ಬರೆದುಕೊಂಡರು. ಚರಿತ್ರೆ ಕಟ್ಟಿದವರು ನಾವೂ ಹೌದು ಅಂತ ಆ ಹೆಂಗಸರ ಬಾಯಿಂದಲೇ ಬಂತು. ಅವರು ಮಾಡಿದ್ದನ್ನು ನಾವು ಮಾಡೋಕೆ ಯಾವ ವಿಶ್ವವಿದ್ಯಾಲಯದ ಅಪ್ಪಣೆಯೂ ಬೇಡ. ರಾಮನಗರದ ಬಿಚ್ಚಾಣಿಕೆ ಅಕ್ಕಂದಿರು, ಚನ್ನಪಟ್ಟಣದಲ್ಲಿ ಗೊಂಬೆಗೆ ಅರಗಿನ ಬಣ್ಣ ಹಾಕುವ ಹೆಂಗಸರು, ಕನಕಪುರದ ಕಡೆ ಕಲ್ಲು ಹೊತ್ತ ಅವ್ವಂದಿರು, ಮಾಗಡಿಯಲ್ಲಿ ಕೂಲಿಗೆ ಕಳೆ ಕಿತ್ತು ನಮ್ಮನ್ನು ಓದಿಸಿದವರು, ಚಳವಳಿಯ ಮೆರವಣಿಗೆಯಲ್ಲಿ ಮಗು ಕಂಕುಳಲ್ಲಿಟ್ಟುಕೊಂಡು ನಡೆದವರು. ಅವರಲ್ಲಿ ಎಷ್ಟೋ ಜನಕ್ಕೆ ವಯಸ್ಸಾಗಿದೆ. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ರಜೆಗೆ ಊರಿಗೆ ಹೋದಾಗ ಒಬ್ಬೊಬ್ಬ ವಿದ್ಯಾರ್ಥಿ ಒಬ್ಬ ಅವ್ವನ ಮಾತು ಬರೆದುಕೊಂಡು ಬನ್ನಿ. ಪ್ರತಿ ಹಾಸ್ಟೆಲಿನಲ್ಲೂ ಭಾನುವಾರ ಒಂದು ಗಂಟೆ ಕೂತು ಅದನ್ನು ಗಟ್ಟಿಯಾಗಿ ಓದಿ. ಪಕ್ಕದಲ್ಲಿ 1916ರ ಪ್ರಬಂಧ ಇಟ್ಟುಕೊಳ್ಳಿ, ಒಂದೊಂದು ಪುಟ. ನಂತರ ಕ್ಲಾಸಿನಲ್ಲಿ ಎದ್ದು ನಿಂತು, ಮುಕ್ತಾ ಸಾಳ್ವೆ ಯಾವ ಯೂನಿಟ್ಟಿನಲ್ಲಿ ಬರುತ್ತಾಳೆ ಅಂತ ಕೇಳಿ. ಉತ್ತರ ಬರೋ ತನಕ ಕೂರಬೇಡಿ.

ಕನಕಪುರದ ಆ ತಂಗಿಗೆ ಅವತ್ತು ಗದ್ದಲದಲ್ಲಿ ಸರಿಯಾಗಿ ಹೇಳೋಕಾಗಲಿಲ್ಲ. ಈಗ ಹೇಳುತ್ತೇನೆ. ತಗೊಳ್ಳವ್ವ ಆ ಪೇಪರ್‌ನ. ತಲೆ ತಗ್ಗಿಸಬೇಡ. ನಗಾಡಿದ ಆ ತಮ್ಮನಿಗೂ ಒಂದು ಮಾತು. ಮುಂದಿನ ಸಭೆಗೆ ಆ ಪ್ರಬಂಧ ಓದಿಕೊಂಡು ಬಾ ಕಣಪ್ಪ. ಆವಾಗಲೂ ನಗು ಬಂದರೆ ನಾನು ಜಮಖಾನೆ ಸುತ್ತುತೀನಿ, ನೀನು ಭಾಷಣ ಮಾಡು.

ಜೈಭೀಮ್.